ಉಂಡೆಲೆಯಲ್ಲಿ ಅಡಿಕೆ ಧಾರಣೆ

ಶಿವಮೊಗ್ಗದ ಅಡಿಕೆ ವ್ಯಾಪಾರಿಯೊಬ್ಬರಿಗೆ ದಿನದ ಧಾರಣೆ ತೋರಿಸುವ ಜಾಲತಾಣವನ್ನು ಎಎಸ್‌ಪಿ ಡಾಟ್‌ನೆಟ್ ಕೋರ್ ಎಂಬ ತಂತ್ರಾಂಶ ಚೌಕಟ್ಟಿನಲ್ಲಿ ಬರೆದುಕೊಟ್ಟಿದ್ದೆ. ಬೆಲೆ ತಿದ್ದುವುದು ಅವರ ಲೆಕ್ಕದ ತಂತ್ರಾಂಶದಲ್ಲಿ. ಎರಡಕ್ಕೂ ಒಂದೇ ಡೇಟಾಬೇಸ್. ಒಂದು ಮಧ್ಯಾಹ್ನ ಫೋನ್ ಬಂತು: "ರಾಶಿ ಅಡಿಕೆಯ ಬೆಲೆ ಬೆಳಿಗ್ಗೆಯೇ ತಿದ್ದಿದ್ದೇನೆ. ನಿಮ್ಮ ಪುಟ ನಿನ್ನೆಯದನ್ನೇ ಹೇಳುತ್ತಿದೆಯಲ್ಲ ಮಾರಾಯರೇ?"

ಡೇಟಾಬೇಸ್ ತೆರೆದು ನೋಡಿದರೆ ಹೊಸ ಬೆಲೆಯೇ ಇತ್ತು. ಪುಟ ತೆರೆದಾಗಲೆಲ್ಲ ಬೆಲೆ ಓದುವ ಸೆಲೆಕ್ಟ್ ಆದೇಶ ಡೇಟಾಬೇಸಿಗೆ ಹೋಗುತ್ತಿರುವುದು ಲಾಗ್‌ನಲ್ಲಿ ಕಾಣುತ್ತಿತ್ತು. ವಿಚಿತ್ರವೆಂದರೆ, ಅಂದೇ ಸೇರಿಸಿದ್ದ ಗೊರಬಲು ಎಂಬ ಅಡಿಕೆ ಬಗೆಯ ಸಾಲು ಸರಿಯಾದ ಬೆಲೆಯೊಂದಿಗೆ ಬರುತ್ತಿತ್ತು. ರಾಶಿ, ಬೆಟ್ಟೆ, ಸರಕು ಬಗೆಗಳ ಬೆಲೆ ಮಾತ್ರ ಹಳೆಯವು. ಆ್ಯಪ್ ನಿಲ್ಲಿಸಿ ಮತ್ತೆ ಶುರುಮಾಡಿದರೆ ಎಲ್ಲವೂ ಸರಿ. ಎರಡು ದಿನ ಹೀಗೆಯೇ ಮಾನ ಉಳಿಸಿಕೊಂಡೆ.

ಮೂಲ ನನ್ನ ಜಿಪುಣತನ. ಧಾರಣೆ ಓದುವ ಸೇವೆಯನ್ನು ಪುಟ ಕೇಳಿ ಬರುವ ಪ್ರತಿ ರಿಕ್ವೆಸ್ಟಿಗೂ ಹೊಸದಾಗಿ ಕಟ್ಟುವುದೇಕೆಂದು, ಒಮ್ಮೆ ಕಟ್ಟಿದ್ದನ್ನೇ ಉಳಿಸಿಕೊಳ್ಳುವ ಆ್ಯಡ್‌ಸಿಂಗಲ್‌ಟನ್ ಹಾಕಿದ್ದೆ. ಅದರ ಕನ್‌ಸ್ಟ್ರಕ್ಟರ್ ಕೇಳುತ್ತಿದ್ದುದು ಡೇಟಾಬೇಸಿನೊಂದಿಗೆ ಮಾತಾಡುವ ಡಿಬಿಕಾಂಟೆಕ್ಸ್ಟ್ ಎಂಬ ಆಬ್ಜೆಕ್ಟನ್ನು.

ಸಿಂಗಲ್‌ಟನ್ ಅಡುಗೆಮನೆಯ ಒಲೆ, ಆ್ಯಪ್ ಇರುವವರೆಗೂ ಒಂದೇ. ಸೇವೆಯ ಆಯುಸ್ಸಿಗೆ ಇನ್ನೆರಡು ಬಗೆಯೂ ಇವೆ. ಸ್ಕೋಪ್ಡ್ ಬಾಳೆಲೆ, ಒಂದು ರಿಕ್ವೆಸ್ಟಿನ ಊಟವೆಲ್ಲ ಅದರಲ್ಲೇ, ಎದ್ದ ಮೇಲೆ ಬಿಸಾಡುವುದು. ಟ್ರಾನ್ಸಿಯೆಂಟ್ ದೊನ್ನೆ, ಕೇಳಿದಾಗಲೆಲ್ಲ ಹೊಸದು. ಡಿಬಿಕಾಂಟೆಕ್ಸ್ಟ್ ಬಾಳೆಲೆಯ ಜಾತಿಯದು. ನನ್ನ ಸಿಂಗಲ್‌ಟನ್ ಅದನ್ನು ಹಿಡಿದುಕೊಂಡು, ಮೊದಲನೆಯವರು ಉಂಡೆದ್ದ ಎಲೆಯಲ್ಲೇ ಊರಿಗೆಲ್ಲ ಬಡಿಸುತ್ತಿತ್ತು. ಡಿಬಿಕಾಂಟೆಕ್ಸ್ಟ್ ಒಮ್ಮೆ ಓದಿದ ಸಾಲನ್ನು ಅದರ ಕೀಲಿಯ ಸಮೇತ ನೆನಪಿಟ್ಟುಕೊಳ್ಳುತ್ತದೆ. ಅದೇ ಕೀಲಿಯ ಸಾಲು ಮತ್ತೆ ಬಂದರೆ ಹೊಸ ಬೆಲೆಯನ್ನು ಪಕ್ಕಕ್ಕೆ ಸರಿಸಿ ಹಳೆಯ ಆಬ್ಜೆಕ್ಟನ್ನೇ ಕೈಗಿಡುತ್ತದೆ. ಮೊದಲ ಬಾರಿ ಕಂಡದ್ದರಿಂದ ಗೊರಬಲು ಬಚಾವಾಗಿತ್ತು.

ಡಾಟ್‌ನೆಟ್ ಈ ತಪ್ಪನ್ನು ತಾನೇ ಹಿಡಿಯುತ್ತದೆ, ಆದರೆ ತಾನಾಗಿ ಹಿಡಿಯುವುದು ಆ್ಯಪ್ ಓಡುವ ಪರಿಸರಕ್ಕೆ ಸೆಟ್ಟಿಂಗ್‌ನಲ್ಲಿ ಕೊಟ್ಟ ಹೆಸರು ಡೆವಲಪ್‌ಮೆಂಟ್ ಆಗಿದ್ದಾಗ ಮಾತ್ರ. ಸೆಟ್ಟಿಂಗ್ ಕಡತ ಇನ್ನೊಂದು ಬರೆಯಲು ಸೋಮಾರಿತನವಾಗಿ ನನ್ನ ಲ್ಯಾಪ್‌ಟಾಪಿನಲ್ಲೂ ಪ್ರೊಡಕ್ಷನ್ ಎಂದೇ ಇಟ್ಟಿದ್ದೆ. ಆ ಹೆಸರನ್ನು ಡೆವಲಪ್‌ಮೆಂಟ್ ಎಂದು ತಿದ್ದಿದ ಕೂಡಲೇ ಆ್ಯಪ್ ಏಳಲೇ ಇಲ್ಲ; ಸಿಂಗಲ್‌ಟನ್ ಸ್ಕೋಪ್ಡ್ ಸೇವೆಯನ್ನು ಬಳಸುವಂತಿಲ್ಲ ಎಂದು ಎರಡರ ಹೆಸರನ್ನೂ ಹಿಡಿದು ಬೈಯಿತು. ಇಷ್ಟು ಸ್ಪಷ್ಟವಾದ ಬೈಗುಳವನ್ನು ನಾನೇ ಬಾಯಿಮುಚ್ಚಿಸಿ ಕೂರಿಸಿದ್ದೆ.

ಸೇವೆಯನ್ನು ಆ್ಯಡ್‌ಸ್ಕೋಪ್ಡ್ ಮಾಡಿದೆ. ರಾತ್ರಿ ಎಸ್‌ಎಂಎಸ್ ಕಳುಹಿಸುವ ಹಿನ್ನೆಲೆ ಕೆಲಸ ಹೇಗೂ ಸಿಂಗಲ್‌ಟನ್. ಅದು ಪ್ರತಿ ಸುತ್ತಿಗೂ ಐಸರ್ವಿಸ್‌ಸ್ಕೋಪ್‌ಫ್ಯಾಕ್ಟರಿಯಿಂದ ತನ್ನದೇ ಸ್ಕೋಪ್ ತೆರೆದು, ಮುಗಿದ ಮೇಲೆ ಮುಚ್ಚುವಂತೆ ಬರೆದೆ.

ವ್ಯಾಪಾರಿಗೆ "ಸರಿಮಾಡಿದ್ದೇನೆ" ಎಂದಷ್ಟೇ ಹೇಳಿದೆ. ಅವರು ಫೋನ್ ಇಡದೆಯೇ ಪುಟ ತೆರೆದು, ಬೆಟ್ಟೆಯ ಬೆಲೆಯನ್ನು ಗಟ್ಟಿಯಾಗಿ ಓದಿ, ಲೆಕ್ಕದೊಂದಿಗೆ ತಾಳೆ ನೋಡಿದರು.