ಕ್ರಾಸಿಂಗ್ ಹೊಲದಾಗ ಅವ್ವನ ಕೈ

ನಮ್ಮೂರು ರಾಣೆಬೆನ್ನೂರು ತಾಲೂಕಿಂದು. ಈ ಕಡೆಯೋರಿಗೆ ಬೀಜದ ಹತ್ತಿ ಪ್ಲಾಟ್ ಅಂದ್ರೆ ಏನಂತ ಹೇಳೋದೇ ಬೇಡ, ಉಳಿದೋರಿಗೆ ಸ್ವಲ್ಪ ಹೇಳ್ಬೇಕು. ಎರಡು ಬೇರೆ ಬೇರೆ ತಳಿ ಕೂಡಿಸಿ ಮಾಡೋ ಹೈಬ್ರಿಡ್ ಹತ್ತಿ ಬೀಜ ತಾನಾಗೇ ಆಗಲ್ಲ, ಒಂದೊಂದು ಹೂವಿಗೂ ಕೈ ಹಾಕಿ ಮಾಡ್ಬೇಕು. ಇವತ್ತು ಮಧ್ಯಾಹ್ನ ಹೆಣ್ಣು ಸಾಲಲ್ಲಿ ನಾಳೆ ಅರಳೋ ಮೊಗ್ಗು ಹುಡುಕಿ, ಹೆಬ್ಬೆರಳಿನ ಉಗುರಲ್ಲಿ ಅದರ ಎಸಳು ಕೇಸರ ಎಲ್ಲಾ ಸುಲಿದು ತೆಗೆದು ನಡುವಿನ ಕಡ್ಡಿ ಮಾತ್ರ ಉಳಿಸ್ಬೇಕು, ನಾಳೆ ಬೆಳಗ್ಗೆ ಗಂಡು ಸಾಲಿನ ಹೂವು ತಂದು ಆ ಕಡ್ಡಿಗೆ ಪರಾಗ ಒರೆಸ್ಬೇಕು, ಮತ್ತೆ ಮಧ್ಯಾಹ್ನ ನಾಡಿದ್ದಿನ ಮೊಗ್ಗು. ಇದಕ್ಕೆ ಕ್ರಾಸಿಂಗ್ ಅಂತಾರೆ. ಗಣಪತಿ ಹಬ್ಬದ ಆಚೆ ಈಚೆ ಎರಡು ತಿಂಗಳು ದಿನಾ ಇದೇ ಕೆಲಸ, ಮಾಡೋರು ಬಹುತೇಕ ಹೆಂಗಸರು, ಜೊತೆಗೆ ಶಾಲೆ ಬಿಟ್ಟ ಅಥವಾ ಬಿಡಿಸಿದ ಹುಡುಗಿಯರು. ನಾನೂ ಎಂಟನೇ ಕ್ಲಾಸಲ್ಲಿದ್ದಾಗ ಹೋಗಿದ್ದೀನಿ, ಗಿಡ ನನ್ನ ಮುಖದ ಮಟ್ಟಕ್ಕೇ ಇರ್ತಿತ್ತು.

ಎಣ್ಣಿ ಬಗ್ಗೆ ಮಾತು ಬಂದಾಗೆಲ್ಲಾ (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಾನೇ ಹೇಳೋದು) ಎಲ್ರ ಕಣ್ಮುಂದೆ ಬರೋದು ಬೆನ್ನಿಗೆ ಪಂಪ್ ಹಾಕ್ಕೊಂಡ ಗಂಡಸು. ಅದು ಸುಳ್ಳಲ್ಲ, 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಆಳೆತ್ತರ ಬೆಳೆದ ಹತ್ತಿಗೆ ಹೊಡೆಯೋಕೆ ಹೋದವರು ನೂರಾರು ಜನ ಆಸ್ಪತ್ರೆ ಸೇರಿದ್ರು, ಆ ಜಿಲ್ಲೆ ಒಂದರಲ್ಲೇ 20ಕ್ಕಿಂತ ಹೆಚ್ಚು ಜನ ತೀರ್ಕೊಂಡ್ರು. ನಮ್ಮಪ್ಪನೂ ಟ್ಯಾಂಕಿಗೆ ಇಷ್ಟು ಕೂಲಿ ಅಂತ ಮಾತಾಡ್ಕೊಂಡು ಹೊಡೀತಿದ್ದವನೇ, ಆ ಕಷ್ಟ ನನಗೆ ಗೊತ್ತು. ಆದ್ರೆ ಅಪ್ಪ ಪಂಪ್ ಇಳಿಸಿ ಸ್ನಾನ ಮಾಡ್ತಿದ್ದ. ಅದೇ ಹೊಲಕ್ಕೆ ಮಾರನೇ ದಿನ ಬೆಳಗ್ಗೆ ಎಲೆ ಇನ್ನೂ ಹಸಿ ಇರುವಾಗ ಇಳೀತಿದ್ದವಳು ಅವ್ವ, ಸಂಜೆ ತನಕ ಆ ಎಲೆ ಒಳಗೇ ಇರ್ತಿದ್ಲು, ಬರಿಗೈಲಿ ಸಾವಿರಾರು ಮೊಗ್ಗು ಮುಟ್ತಿದ್ಲು, ಮಧ್ಯಾಹ್ನ ಬದುವಿನ ಮೇಲೆ ಕೂತು ಬಿಂದಿಗೆ ನೀರಲ್ಲಿ ಬೆರಳ ತುದಿ ತೊಳೆದಂಗೆ ಮಾಡಿ ಅದೇ ಕೈಲಿ ರೊಟ್ಟಿ ಮುರೀತಿದ್ಲು. ಅವಳನ್ನ ಯಾರೂ ಎಣ್ಣಿ ಕೆಲಸದವಳು ಅಂತ ಲೆಕ್ಕಕ್ಕೆ ಹಿಡೀಲಿಲ್ಲ.

ಒಂದಿನ ಹನ್ನೊಂದು ಗಂಟೆಗೆ ಅವಳನ್ನ ಇಬ್ಬರು ಹೆಂಗಸರು ಹಿಡ್ಕೊಂಡು ಮನೆಗೆ ತಂದ್ರು. ಹೊಟ್ಟೆ ಹಿಂಡ್ತಾ ಇತ್ತು, ವಾಂತಿ, ಮೈಯೆಲ್ಲಾ ಬೆವರು, "ಕಣ್ಣಿಗೆ ಮಂಜು ಕವದಂಗ ಆಗಾಕತ್ತೈತೆವ್ವಾ" ಅಂತಿದ್ಲು. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಬಿಸಿಲು ಹತ್ತಿದೆ ಅಂದ್ರು, ಎರಡು ಬಾಟಲಿ ಸಲೈನ್ ಹಾಕಿ ಸಂಜೆ ಕಳಿಸಿದ್ರು. ಯಾವ ಹೊಲದಿಂದ ಬಂದ್ರಿ, ಅಲ್ಲಿ ಏನು ಹೊಡೆದಿದ್ರು ಅಂತ ಯಾರೂ ಕೇಳ್ಲಿಲ್ಲ, ಕೇಳಿದ್ರೂ ಅವ್ವಗೆ ಹೇಳೋಕೆ ಗೊತ್ತಿರ್ಲಿಲ್ಲ, ಯಾಕಂದ್ರೆ ಬಾಟಲಿ ನೋಡೋದು ಮಾಲೀಕ ಮತ್ತೆ ಹೊಡೆಯೋನು, ಕ್ರಾಸಿಂಗ್ ಹೆಂಗಸರಿಗೆ ಬಾಟಲಿ ಕಣ್ಣಿಗೂ ಬೀಳಲ್ಲ. ಆಮೇಲೆ ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುವಾಗ ಒಂದಿನ ಪುಸ್ತಕದಲ್ಲಿ ಎಣ್ಣಿ ವಿಷ ಏರಿದವರ ಲಕ್ಷಣಗಳ ಪಟ್ಟಿ ಓದ್ತಾ ಓದ್ತಾ ಕೈ ನಡುಗಿಬಿಡ್ತು. ಬಿಸಿಲು ಹತ್ತಿದವರ ಬಾಯಿ ಒಣಗಿರುತ್ತೆ. ಅವ್ವನ ಬಾಯಲ್ಲಿ ಅವತ್ತು ಜೊಲ್ಲು ನಿಲ್ತಾನೇ ಇರ್ಲಿಲ್ಲ, ನಾನೇ ಟವೆಲಲ್ಲಿ ಒರೆಸಿದ್ದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಆಗಿತ್ತು, ಅದೂ ನೆನಪಿದೆ.

ಮೊನೋಕ್ರೋಟೋಫಾಸ್, ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್, ಈ ಫಾಸ್ ಅಂತ ಕೊನೆ ಆಗೋ ಎಣ್ಣಿ ಹೆಚ್ಚಿನವು ಒಂದೇ ಜಾತಿ, ಆರ್ಗನೋಫಾಸ್ಫೇಟ್. ನಮ್ಮ ನರದಿಂದ ಸ್ನಾಯುಗೆ, ಗ್ರಂಥಿಗೆ ಸುದ್ದಿ ಹೋಗೋದು ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕದ ಮೂಲಕ, ಸುದ್ದಿ ಮುಟ್ಟಿದ ಕೂಡ್ಲೇ ಅದನ್ನ ಒರೆಸಿ ಹಾಕೋಕೆ ಕೋಲಿನೆಸ್ಟರೇಸ್ ಅನ್ನೋ ಕಿಣ್ವ ಇರುತ್ತೆ. ಈ ವಿಷ ಹೋಗಿ ಆ ಕಿಣ್ವವನ್ನೇ ಹಿಡ್ಕೊಂಡ್ಬಿಡುತ್ತೆ. ಆಗ ನಲ್ಲಿ ಬಂದ್ ಮಾಡೋಕೆ ಬರದಂಗೆ ಆಗುತ್ತೆ, ಜೊಲ್ಲು, ಕಣ್ಣೀರು, ಬೆವರು, ಭೇದಿ ಎಲ್ಲಾ ಸುರೀತಾನೇ ಇರುತ್ತೆ, ಸ್ನಾಯು ಅದುರ್ತವೆ, ಜಾಸ್ತಿ ಆದ್ರೆ ಎದೆಯಲ್ಲಿ ಕಫ ತುಂಬಿ ಉಸಿರಾಟದ ಸ್ನಾಯುಗಳೇ ಸೋತು ಜೀವ ಹೋಗುತ್ತೆ. ಕೆಲವರಿಗೆ ಹುಷಾರಾದ್ರು ಅಂತ ಅಂದ್ಕೊಂಡ ಒಂದರಿಂದ ನಾಲ್ಕು ದಿನದ ಒಳಗೆ ಕುತ್ತಿಗೆ ಎತ್ತೋಕೆ ಆಗದಷ್ಟು ನಿತ್ರಾಣ ಬಂದು ಮತ್ತೆ ಉಸಿರು ಕಟ್ಟುತ್ತೆ, ಅದಕ್ಕೇ ಸಲೈನ್ ಹಾಕಿ ಸಂಜೆ ಕಳಿಸೋದು ಅಷ್ಟು ಅಪಾಯ.

ನನಗೆ ಜಾಸ್ತಿ ಸಂಕಟ ಆಗಿದ್ದು ಇನ್ನೊಂದು ವಿಷಯ ಓದಿದಾಗ. ಕೆಂಪು ರಕ್ತಕಣದಲ್ಲಿ ಹಾಳಾದ ಈ ಕಿಣ್ವ ವಾಪಸ್ ತುಂಬಿಕೊಳ್ಳೋದು ದಿನಕ್ಕೆ ಹೆಚ್ಚು ಕಮ್ಮಿ ನೂರರಲ್ಲಿ ಒಂದು ಪಾಲು. ಅಂದ್ರೆ ಇವತ್ತು ಸ್ವಲ್ಪ, ಮೂರು ದಿನ ಬಿಟ್ಟು ಸ್ವಲ್ಪ, ಹಿಂಗೆ ಎರಡು ತಿಂಗಳು ಮೈಗೆ ಹತ್ತುತಾ ಹೋದ್ರೆ ತುಂಬಿಕೊಳ್ಳೋದಕ್ಕಿಂತ ಖಾಲಿ ಆಗೋದೇ ಜಾಸ್ತಿ. ಕ್ರಾಸಿಂಗ್ ಸೀಸನ್ ಮುಗಿಯೋ ಹೊತ್ತಿಗೆ ಅವ್ವ ದಿನಾ ತಲೆನೋವು, ನಿದ್ದಿ ಬರವಲ್ದು, ಕೈಕಾಲು ಸೋತಾವು ಅಂತಿದ್ಲಲ್ಲ, ನಾವು ದಣಿವು ಅಂದ್ಕೊಂಡಿದ್ವಿ. ದಣಿವೂ ಇರಬಹುದು, ಆದ್ರೆ ಒಂದು ರಕ್ತ ಪರೀಕ್ಷೆ ಮಾಡಿದ್ರೆ ಗೊತ್ತಾಗ್ತಿತ್ತು.

ಇದು ಮೂಗಿಂದ ಮಾತ್ರ ಒಳಗೆ ಹೋಗುತ್ತೆ ಅನ್ನೋದು ದೊಡ್ಡ ತಪ್ಪು ತಿಳುವಳಿಕೆ. ಮುಖಕ್ಕೆ ಸೀರೆ ಸೆರಗು ಕಟ್ಕೊಂಡ್ರೆ ಸಾಕು ಅಂತಾರೆ, ಆದ್ರೆ ಹೊಲದ ಕೆಲಸದಲ್ಲಿ ಚರ್ಮವೇ ದೊಡ್ಡ ಬಾಗಿಲು. ಹಿಂದೆ ಪ್ಯಾರಾಥಿಯಾನ್ ಅನ್ನೋ ವಿಷದ ಮೇಲೆ ಮಾಡಿದ ಅಳತೆ ಪ್ರಕಾರ ಮುಂಗೈ ಚರ್ಮ ಹೀರಿಕೊಳ್ಳೋದನ್ನ 1 ಅಂತ ಇಟ್ಕೊಂಡ್ರೆ ಹಣೆ ಹೀರೋದು 4.2, ಗಂಡಸರ ವೃಷಣದ ಚರ್ಮ 11.8. ಎಣ್ಣಿ ಹತ್ತಿದ ಕೈಲಿ ಹಣೆ ಬೆವರು ಒರೆಸ್ಕೊಳ್ಳೋದು, ಸೋರೋ ಪಂಪಿಂದ ಚಡ್ಡಿ ತೊಯ್ಯೋದು ಅಂದ್ರೆ ಏನು ಅಂತ ಇದರಲ್ಲೇ ಗೊತ್ತಾಗುತ್ತೆ. ಆ ಬಟ್ಟೆ ಒಗೆಯೋದೂ ಮತ್ತೆ ಅವ್ವನ ಕೈಯೇ, ಅದೂ ನಮ್ಮ ಸ್ಕೂಲ್ ಯೂನಿಫಾರ್ಮ್ ಜೊತೆ ಒಂದೇ ಬಕೆಟಲ್ಲಿ.

ಹಾಗಾದ್ರೆ ಹೊಡೆದ ಮೇಲೆ ಹೊಲಕ್ಕೆ ಇಳೀಬೇಡ್ರಿ ಅಂದ್ರೆ ಆಯ್ತಲ್ಲ ಅಂತ ಕೇಳಬಹುದು. ಅಮೇರಿಕಾದಲ್ಲಿ ತುಂಬಾ ವಿಷದ್ದಾದ್ರೆ 48 ತಾಸು ಕೂಲಿಯೋರು ಒಳಗೆ ಹೋಗಬಾರದು ಅಂತ ನಿಯಮ ಇದೆ. ನಮ್ಮ ಬೀಜದ ಪ್ಲಾಟಲ್ಲಿ ಅದು ಯಾಕೆ ನಡೆಯಲ್ಲ ಅಂದ್ರೆ ಹೂವು ಕಾಯಲ್ಲ. ಇವತ್ತು ಸುಲೀದೇ ಬಿಟ್ಟ ಮೊಗ್ಗು ನಾಳೆ ತಾನೇ ಅರಳಿ ತನ್ನ ಪರಾಗನೇ ತಗೊಂಡ್ಬಿಡುತ್ತೆ, ಅದು ಹೈಬ್ರಿಡ್ ಬೀಜ ಅಲ್ಲ, ಕಿತ್ತು ಬಿಸಾಕ್ಬೇಕು. ಎರಡು ದಿನ ಬಿಟ್ರೆ ಎರಡು ದಿನದ ಬೀಜ ಹೋಯ್ತು, ಮಾಲೀಕನಿಗೆ ದುಡ್ಡು ಬರೋದು ಬೀಜದ ತೂಕದ ಮೇಲೆ, ಕೂಲಿಯೋರಿಗೆ ಬರೋದು ಹೋದ ದಿನಕ್ಕೆ. ಬಿಟಿ ಹತ್ತಿ (ಕಾಯಿಕೊರಕ ಹುಳ ಕೊಲ್ಲೋ ಗುಣ ಗಿಡದೊಳಗೇ ಸೇರಿಸಿದ ಹತ್ತಿ) 2002ರಲ್ಲಿ ಬಂದ ಮೇಲೆ ಕಾಯಿಕೊರಕಕ್ಕೆ ಹೊಡೆಯೋದು ಕಡಿಮೆ ಆಯ್ತು ನಿಜ, ಆದ್ರೆ ಜಿಗಿಹುಳ, ಹೇನು, ಥ್ರಿಪ್ಸ್ ರಸ ಹೀರೋವು, ಅವಕ್ಕೆ ಬಿಟಿ ಏನೂ ಮಾಡಲ್ಲ. ಹಾಗಾಗಿ ಎಣ್ಣಿ ನಿಲ್ಲಲ್ಲ, ಕ್ರಾಸಿಂಗೂ ನಿಲ್ಲಲ್ಲ, ನಡುವೆ ಹೆಂಗಸರು. ಈ ಬೀಜ ಮಾರೋ ಕಂಪನಿಗಳು ವಾರಕ್ಕೆ ಒಂದು ದಿನ ಹೊಲ ಖಾಲಿ ಬಿಡೋ ನಷ್ಟವನ್ನ ಬೀಜದ ರೇಟಲ್ಲೇ ಸೇರಿಸಿ ಕೊಡ್ಬೇಕು ಅಂತ ನನ್ನ ಅಭಿಪ್ರಾಯ, ರೈತನ ಮೇಲೆ ಹಾಕಿದ್ರೆ ಆಗೋ ಕೆಲಸ ಅಲ್ಲ ಇದು.

ಬಸುರಿಯರ ವಿಷಯ ಬರೆಯೋಕೆ ಕೈ ಓಡಲ್ಲ, ಆದ್ರೂ ಬರೀಬೇಕು. ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಹೊಲದ ಕೆಲಸದ ಕುಟುಂಬಗಳ ಬಸುರಿಯರನ್ನ 1999ರ ಸುಮಾರಿಂದ ಹಿಡಿದು ಅವರ ಮಕ್ಕಳು ದೊಡ್ಡವರಾಗೋ ತನಕ ನೋಡ್ಕೊಂಡು ಬಂದ ಅಧ್ಯಯನ ಇದೆ, ತಾಯಿ ಮೂತ್ರದಲ್ಲಿ ಆರ್ಗನೋಫಾಸ್ಫೇಟ್ ಕುರುಹು ಅತಿ ಹೆಚ್ಚು ಸಿಕ್ಕವರ ಮಕ್ಕಳ ಐಕ್ಯೂ 7 ವರ್ಷ ವಯಸ್ಸಲ್ಲಿ, ಅತಿ ಕಡಿಮೆ ಇದ್ದವರ ಮಕ್ಕಳಿಗಿಂತ ಸುಮಾರು 7 ಅಂಕ ಕಡಿಮೆ ಇತ್ತು. ನಮ್ಮೂರ ಹೆಂಗಸರ ಮೂತ್ರ ಯಾರೂ ಪರೀಕ್ಷೆ ಮಾಡಿದ್ದು ನಾನು ಕಂಡಿಲ್ಲ.

ಯಾರಿಗಾದ್ರೂ ಹಿಂಗಾದ್ರೆ ಮಜ್ಜಿಗೆ, ಹುಣಸೆ ನೀರು ಅಂತ ಕುಡಿಸ್ತಾ ಟೈಮ್ ಕಳೀಬೇಡ್ರಿ. ಬಟ್ಟೆ ಪೂರ್ತಿ ಬಿಚ್ಚಿ, ತಲೆಕೂದಲು ಉಗುರು ಸಮೇತ ಸೋಪ್ ಹಾಕಿ ತೊಳೀರಿ, ತೊಳೆಯೋರು ಕೈಗೆ ಪ್ಲಾಸ್ಟಿಕ್ ಕವರ್ ಆದ್ರೂ ಹಾಕ್ಕೊಳ್ರಿ, ಹೊಡೆದಿದ್ದ ಬಾಟಲಿಯನ್ನೇ ಆಸ್ಪತ್ರೆಗೆ ಒಯ್ರಿ. ಬಾಟಲಿ ಮೇಲೆ ಕೆಂಪು ತ್ರಿಕೋನ ಇದ್ರೆ ಅತಿ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಹಸಿರು. ಹೆಸರು ಗೊತ್ತಾದ್ರೆ ಡಾಕ್ಟರಿಗೆ ಅಟ್ರೋಪಿನ್ (ಈ ಫಾಸ್ ವಿಷಕ್ಕೆ ಕೊಡೋ ಔಷಧಿ) ಕೊಡ್ಬೇಕೋ ಬೇಡವೋ ಅಂತ ಬೇಗ ತಿಳಿಯುತ್ತೆ.

ಅವ್ವ ಈಗ ಹೋಗಲ್ಲ, ಮಂಡಿ ನೋವು. ಹೋಗೋದು ನಮ್ಮ ಅತ್ತಿಗಿ, ಅವರಿಗೆ ಈಗ ಐದು ತಿಂಗಳು. ಹೋದ ಭಾನುವಾರ ಊರಿಗೆ ಹೋದಾಗ ಅವ್ವನೇ ಮಾಲೀಕರ ಮನೆಗೆ ಬಂದ್ಲು ನನ್ನ ಜೊತೆ, ಅಲ್ಲಿ ಕಟ್ಟೆ ಮೇಲೆ ಕೂತು "ಎಣ್ಣಿ ಹೊಡದ ದಿನ ಹೇಳ್ರಿ ಸಾವ್ಕಾರ್ರ, ಅಷ್ಟ ಸಾಕು, ಆ ದಿನ ಹುಡಿಗಿನ್ನ ಕಳಸಂಗಿಲ್ಲ" ಅಂದ್ಲು. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಆಗ್ಲಿ ಬಿಡವ್ವಾ, ಹೊಡೆದ ಸಾಲಿಗೆ ಕೆಂಪು ಅರಿವಿ ಕಟ್ತೀನಿ ಅಂದ್ರು. ಬುಧವಾರ ಅತ್ತಿಗಿ ಫೋನ್ ಮಾಡಿದ್ರು, ಅರಿವಿ ಕಟ್ಟಿದ್ದಾರಂತೆ, ತಾವು ಮನೇಲೇ ಉಳಿದಿದ್ದಾರಂತೆ, ಉಳಿದ ಹನ್ನೊಂದು ಹೆಂಗಸರು ಎಂದಿನಂಗೆ ಇಳಿದಿದ್ದಾರಂತೆ.