ಎರವಲು ಮೊರೀನಿ ಹಿಡಿದ ಮೂರು ಭಾನುವಾರ

ನನ್ನ ಏರ್ ಪಿಸ್ತೂಲು ಹಳೇದು, ಪ್ರತಿ ಪೆಲೆಟ್‌ಗೂ ಲಿವರ್ ಎಳೆದು ಗಾಳಿ ತುಂಬಬೇಕು. 60 ಶಾಟ್ ಮುಗಿಯೋ ಹೊತ್ತಿಗೆ ತೋಳು ಸೋತುಹೋಗಿ, ಕೊನೆಯ ಎರಡು ಸೀರೀಸ್ (ಹತ್ತು ಶಾಟಿಗೆ ಒಂದು ಸೀರೀಸ್) ಯಾವಾಗಲೂ ಕುಸಿಯುತ್ತೆ. ಹೊಸದಕ್ಕೆ ದುಡ್ಡು ಕೂಡಿಡ್ತಿದ್ದೆ. ಮೈಸೂರು ಕುವೆಂಪುನಗರದ ಗೆಳೆಯ "ಮೊದಲು ನನ್ನದರಲ್ಲಿ ಹೊಡೆದು ನೋಡು" ಅಂತ ತನ್ನ ಮೊರೀನಿ ಸಿಎಂ 162 ಇಐ ಏರ್ ಪಿಸ್ತೂಲು ಕೊಟ್ಟ. 4.5 ಮಿ.ಮೀ., 20 ಜೂಲ್ ಒಳಗಿನ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ, ನಿಜ. ಆದರೂ ಇನ್ನೊಬ್ಬರ ಪಿಸ್ತೂಲು ಹೊತ್ತು ಮಂಡ್ಯ ರೈಲು ಹತ್ತೋದು ನನಗೆ ಸರಿ ಕಾಣಲಿಲ್ಲ. ಮೈಸೂರಿನ ರೇಂಜಿನಲ್ಲೇ ತಗೊಂಡು ಅಲ್ಲೇ ವಾಪಸ್ ಕೊಡ್ತಿದ್ದೆ.

ಮೊದಲ ಭಾನುವಾರ ಪೂರ್ತಿ ಟ್ರಿಗರ್‌ಗೇ ಹೋಯ್ತು. ನಿಯಮದ ಪ್ರಕಾರ ಟ್ರಿಗರ್ ತೂಕ, ಅಂದರೆ ಅದನ್ನು ಎಳೆಯಲು ಬೇಕಾದ ಬಲ, 500 ಗ್ರಾಂಗಿಂತ ಕಡಿಮೆ ಇರಬಾರದು, ನನ್ನದೂ ಅಷ್ಟೇ ಇದೆ. ಆದರೆ ನನ್ನದು ನಾಟಿ ಗದ್ದೆಯ ಕೆಸರಲ್ಲಿ ಕಾಲು ಎಳೆದ ಹಾಗೆ ಬರುತ್ತೆ. ಇದು ಎಲೆಕ್ಟ್ರಾನಿಕ್: ಬೆರಳು ಒಂದು ಗೋಡೆಗೆ ತಾಗುತ್ತೆ, ಕೂದಲೆಳೆಯಷ್ಟು ಒತ್ತಿದರೆ ಮುಗೀತು. ನಾನು ಸಿದ್ಧವಾಗೋ ಮೊದಲೇ ಐದು ಪೆಲೆಟ್ ಹೊರಟುಹೋದವು. ಆಮೇಲೆ ಅರ್ಧ ಗಂಟೆ ಪೆಲೆಟ್ ಹಾಕದೆ ಬರೀ ಟ್ರಿಗರ್ ಒತ್ತಿ ಡ್ರೈ ಫೈರ್ ಮಾಡಿದೆ.

ಸ್ಕೋರ್? ಸೀರೀಸಿಗೆ ನೂರರಲ್ಲಿ 84, 82. ನನ್ನ ಪಿಸ್ತೂಲಲ್ಲೇ 87-88 ಬರುತ್ತೆ! ಬೇಜಾರಾಗಿ ಟಾರ್ಗೆಟ್ ಕಾರ್ಡ್ ಹತ್ತಿರ ತಂದು ನೋಡಿದರೆ ತೂತುಗಳು ಚದುರಿರಲಿಲ್ಲ. ಬಲಗಡೆ, ಎಂಟರ ವಲಯದ ಸುತ್ತ, ಒಂದೇ ಕಡೆ ಗುಂಪು ಕಟ್ಟಿದ್ದವು. ನಟ್ಟನಡುವಿನ ಹತ್ತರ ವೃತ್ತದ ವ್ಯಾಸ ಬರೀ 11.5 ಮಿ.ಮೀ. ಅಷ್ಟು ಪಕ್ಕಕ್ಕೆ ಹೋದರೆ ಗುಂಪು ಚೆನ್ನಾಗಿದ್ದೂ ಪ್ರಯೋಜನವಿಲ್ಲ. ಸೈಟ್ ತಿರುಗಿಸಲು ಹೋದೆ, ಗೆಳೆಯ ಬಿಡಲಿಲ್ಲ. "ಕಣ್ಣು ಮುಚ್ಚಿ ಕೈ ಎತ್ತು, ಆಮೇಲೆ ತೆಗೆ" ಅಂದ. ತೆಗೆದರೆ ಫ್ರಂಟ್ ಸೈಟ್ (ನಳಿಕೆ ತುದಿಯ ಗುರಿಕಡ್ಡಿ), ರಿಯರ್ ಸೈಟಿನ (ಹಿಂದಿನ ಗುರಿಸಂದಿನ) ಬಲಗೋಡೆಗೆ ಅಂಟಿಕೊಂಡಿತ್ತು. ಹತ್ತು ಸಲ ಎತ್ತಿದರೂ ಅಲ್ಲೇ. ಅಂದರೆ ತಪ್ಪು ಸೈಟಿನದಲ್ಲ, ಹಿಡಿತದ್ದು.

ಗ್ರಿಪ್, ಅಂದರೆ ಪಿಸ್ತೂಲಿನ ಮರದ ಹಿಡಿ, ಅವನ ಅಗಲ ಅಂಗೈಗೆ ಉಜ್ಜಿ ಮಾಡಿದ್ದು. ಅವನ ಕಿರುಬೆರಳ ಕುಳಿಯಲ್ಲಿ ನನ್ನ ಉಂಗುರ ಬೆರಳು ಕೂರ್ತಿತ್ತು, ಒಳಗೆ ಅಲ್ಲಲ್ಲಿ ಟೊಳ್ಳು. ಮರಕ್ಕೆ ಅರ ಹಚ್ಚೋದಂತೂ ಸಾಧ್ಯವಿಲ್ಲ, ಅದು ಅವನ ವಸ್ತು. ಎರಡನೇ ಭಾನುವಾರ ಅವನನ್ನು ಕೇಳಿಕೊಂಡು, ಅಂಗೈ ಕೂರುವ ಹಲಗೆಯ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದು, ಸ್ಕ್ರೂ ಸಡಿಲಿಸಿ ಒಂದಿಷ್ಟು ಮೇಲಕ್ಕೆ ತಂದೆ. ಟೊಳ್ಳಿಗೆ ಬಟ್ಟೆ ಪ್ಲಾಸ್ಟರ್ ಮಡಚಿ ಅಂಟಿಸಿದೆ. ಮೊದಲು ಅಂಟಿಸಿದ ಕಡೆ ಇನ್ನೂ ಕೆಟ್ಟಿತು, ಎರಡನೇ ಸಲವೂ ಆಗಲಿಲ್ಲ. ಮೂರನೇ ಜಾಗದಲ್ಲಿ ಕಣ್ಣು ತೆರೆದಾಗ ಫ್ರಂಟ್ ಸೈಟಿನ ಎರಡೂ ಕಡೆ ಬೆಳಕಿನ ಸಂದು ಸಮ! ಆ ಕ್ಷಣದ ಖುಷಿ ಈಗಲೂ ಕೈಯಲ್ಲಿದೆ.

ಮೂರನೇ ಭಾನುವಾರ ಪೂರ್ತಿ 60 ಶಾಟ್: 88, 90, 87, 91, 89, 89. ಒಟ್ಟು 534. ನನ್ನ ಈವರೆಗಿನ ಅತಿ ಹೆಚ್ಚು 527. ಕೊನೆಯ ಎರಡು ಸೀರೀಸ್ ಕುಸಿಯಲಿಲ್ಲ, ಅದು ಮೊರೀನಿಯ ಗಾಳಿ ಸಿಲಿಂಡರ್ ಕೃಪೆ. ಕೈಯಿಂದ ಗಾಳಿ ತುಂಬೋ ಕೆಲಸವೇ ಇಲ್ಲವಲ್ಲ.

ಗೆರೆ ನೋಡಿ ಹಲಗೆ ಮೊದಲಿನ ಜಾಗಕ್ಕೆ ಇಳಿಸಿ, ಪ್ಲಾಸ್ಟರ್ ಕಿತ್ತು, ಅಂಟು ಒರೆಸಿ ಪಿಸ್ತೂಲು ವಾಪಸ್ ಕೊಟ್ಟೆ. ಮನೆಗೆ ಬಂದವನೇ ನನ್ನ ಹಳೇದನ್ನು ಕಣ್ಣು ಮುಚ್ಚಿ ಎತ್ತಿದೆ. ಫ್ರಂಟ್ ಸೈಟ್ ಎಡಗೋಡೆಯಲ್ಲಿ! ಎರಡು ವರ್ಷದಿಂದ ಪ್ರತಿ ಶಾಟಿಗೂ ಮಣಿಕಟ್ಟು ತಿರುಚಿ ಸರಿ ಮಾಡ್ಕೊಂಡಿದ್ದೀನಿ. ಗಾಳಿ ತುಂಬಿ ದಣಿದೆ ಅಂದುಕೊಂಡಿದ್ದರಲ್ಲಿ ಎಷ್ಟು ಪಾಲು ಈ ತಿರುಚಾಟದ್ದೋ.

ಹಾಗಾಗಿ ಹೊಸ ಪಿಸ್ತೂಲಿನ ದುಡ್ಡು ಸದ್ಯಕ್ಕೆ ಹಾಗೇ ಇರಲಿ. ಹಳೇದರ ಗ್ರಿಪ್ಪಿಗೆ ಮೆತ್ತಲು ಮರದ ಪುಟ್ಟಿ ತಂದಿದ್ದೀನಿ. ಮೆತ್ತೋದಕ್ಕೂ ಮಿತಿ ಇದೆ: ಗ್ರಿಪ್ ಮಣಿಕಟ್ಟಿಗೆ ಆಸರೆ ಕೊಡೋ ಹಾಗಿಲ್ಲ, ಇಡೀ ಪಿಸ್ತೂಲು 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು. ನಿನ್ನೆ ರಾತ್ರಿ ಪುಟ್ಟಿ ಮೆತ್ತಿ, ತೆಳು ಪ್ಲಾಸ್ಟಿಕ್ ಹೊದಿಸಿ, ಗುರಿ ಹಿಡಿದ ಹಾಗೇ ಒತ್ತಿ ಹಿಡಿದೆ. ಈಗ ಕಿಟಕಿ ಹತ್ತಿರ ಒಣಗ್ತಿದೆ. ಉಂಗುರ ಬೆರಳ ಅಚ್ಚು ಚೆನ್ನಾಗಿ ಮೂಡಿದೆ, ಕಿರುಬೆರಳದ್ದು ಮಸುಕು. ನಾಳೆ ಅಲ್ಲಿಗೆ ಇನ್ನೊಂದು ಪದರ ಹಾಕಬೇಕು.