ಬ್ಲಾಕ್ ಇಳಿಯುವ ಹೊತ್ತು

ಸ್ತನದ ಶಸ್ತ್ರಚಿಕಿತ್ಸೆಯಾದ ದಿನ ರಾತ್ರಿ ಒಂಬತ್ತಕ್ಕೆ ನಾನು ವಾರ್ಡಿಗೆ ಹೋದಾಗ, ಬಸವನಗುಡಿಯಿಂದ ಬಂದಿದ್ದ ಆ ಹೆಂಗಸು ದಿಂಬಿಗೆ ಒರಗಿ ಕುಳಿತು, ಮಗಳು ಫ್ಲಾಸ್ಕಿನಿಂದ ಬಗ್ಗಿಸಿಕೊಟ್ಟ ರಾಗಿ ಗಂಜಿಯನ್ನು ಕುಡಿಯುತ್ತಿದ್ದರು. "ನೋವೇ ಇಲ್ಲ ಡಾಕ್ಟ್ರೇ, ಆಪರೇಷನ್ ಆಗಿದೆ ಅಂತಲೇ ಅನ್ನಿಸುತ್ತಿಲ್ಲ" ಎಂದರು. ಅರಿವಳಿಕೆ ಕೊಡುವವರಿಗೆ ಇಂಥ ಮಾತು ಕೇಳಸಿಗುವುದು ಅಪರೂಪವಾದ್ದರಿಂದ ನಾನು ಹಿಗ್ಗುತ್ತಲೇ ಮನೆಗೆ ಹೋದೆ. ಬೆಳಗಿನ ಜಾವ ಮೂರೂವರೆಗೆ ಅದೇ ವಾರ್ಡಿನಿಂದ ಫೋನ್ ಬಂತು.

ಅವರಿಗೆ ಪೂರ್ಣ ಅರಿವಳಿಕೆಯ ಜೊತೆಗೆ, ಮಧ್ಯಾಹ್ನ ಮೂರಕ್ಕೆ ಎದೆಗೂಡಿನ ನರಗಳಿಗೆ ಪೆಕ್ಸ್ ಬ್ಲಾಕ್, ಅಂದರೆ ಆ ಭಾಗವನ್ನು ಕೆಲವು ಗಂಟೆ ಮರಗಟ್ಟಿಸುವ ಚುಚ್ಚುಮದ್ದು, ಕೊಟ್ಟಿದ್ದೆ. ರಫಾಯೆಲ್ ಬ್ಲಾಂಕೊ ಎಂಬ ಅರಿವಳಿಕೆ ತಜ್ಞರು 2011ರಲ್ಲಿ ವಿವರಿಸಿ, ಮರುವರ್ಷ ವಿಸ್ತರಿಸಿದ ಈ ವಿಧಾನದಲ್ಲಿ ಎದೆಯ ಎರಡು ಸ್ನಾಯುಗಳ ನಡುವೆ ಸುಮಾರು 10 ಮಿಲಿಲೀಟರ್, ಅದರ ಕೆಳಗಿನ ಪದರದಲ್ಲಿ ಪಕ್ಕೆಲುಬುಗಳ ಮೇಲೆ ಸುಮಾರು 20 ಮಿಲಿಲೀಟರ್ ಔಷಧವನ್ನು ಇಳಿಸುತ್ತೇವೆ. ಸೂಜಿಯ ತುದಿಯಿಂದ ಔಷಧ ಹೊರಬೀಳುತ್ತಿದ್ದಂತೆ ಅಲ್ಟ್ರಾಸೌಂಡ್ ಪರದೆಯ ಮೇಲೆ ಸ್ನಾಯುಗಳು, ಕೆಂಡದ ಮೇಲೆ ಫುಲ್ಕ ಪದರ ಬಿಡುವ ಹಾಗೆ, ಮೆಲ್ಲಗೆ ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಎಷ್ಟು ಬಾರಿ ನೋಡಿದರೂ ನನಗೆ ಬೇಸರ ಬಂದಿಲ್ಲ. (ಭ್ರೂಣಲಿಂಗ ಪತ್ತೆ ತಡೆಗೆ 1994ರಲ್ಲಿ ಬಂದ ಕಾಯ್ದೆಯ ಅಡಿಯಲ್ಲಿ ಈ ಯಂತ್ರವೂ ನೋಂದಣಿಯಾಗಿರಬೇಕು, ಗರ್ಭಕ್ಕೂ ನಮ್ಮ ಸೂಜಿಗೂ ಸಂಬಂಧವಿಲ್ಲದಿದ್ದರೂ ಕಾಗದಪತ್ರ ತಪ್ಪುವುದಿಲ್ಲ.) ಬೆನ್ನುಮೂಳೆಯ ಪಕ್ಕದಲ್ಲಿ ಕೊಡುವ ಪ್ಯಾರಾವರ್ಟಿಬ್ರಲ್ ಬ್ಲಾಕ್ ಎದೆಯ ನಡುಮೂಳೆಯ ಬಳಿಯ ನೋವನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಅಲ್ಲಿ ಸೂಜಿ ಶ್ವಾಸಕೋಶದ ಪೊರೆಗೆ ತೀರಾ ಹತ್ತಿರ ಹೋಗುತ್ತದೆ.

ಒಂದೇ ಬಾರಿ ಕೊಟ್ಟ ಬ್ಲಾಕ್ ಹೆಚ್ಚಿನವರಲ್ಲಿ ಎಂಟರಿಂದ ಹನ್ನೆರಡು ಗಂಟೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಹೊತ್ತು ನಿಲ್ಲುತ್ತದೆ. ಮಧ್ಯಾಹ್ನ ಮೂರಕ್ಕೆ ಕೊಟ್ಟದ್ದು ಇಳಿಯುವುದು ಯಾವಾಗ ಎಂದು ಲೆಕ್ಕ ಹಾಕಲು ದೊಡ್ಡ ವಿದ್ಯೆ ಬೇಕಿಲ್ಲ. ಆದರೂ ನಾನು ಔಷಧದ ಚೀಟಿಯಲ್ಲಿ ಪ್ಯಾರಾಸಿಟಮಾಲ್ ಮುಂದೆ 'ಎಸ್‌ಒಎಸ್', ಅಂದರೆ ನೋವಿದ್ದರೆ ಮಾತ್ರ, ಎಂದು ಬರೆದಿದ್ದೆ. ಸಂಜೆಯೆಲ್ಲ ನೋವಿರಲಿಲ್ಲ, ಹಾಗಾಗಿ ಸಿಸ್ಟರ್ ಕೊಡಲಿಲ್ಲ, ಕೊಡದಿದ್ದುದು ಅವರ ತಪ್ಪೂ ಅಲ್ಲ. ಬ್ಲಾಕ್ ಇಳಿದಾಗ ಮೈಯಲ್ಲಿ ಬೇರೆ ನೋವುನಿವಾರಕದ ಒಂದು ಹನಿಯೂ ಇರಲಿಲ್ಲ. ನಾನು ತಲುಪುವಷ್ಟರಲ್ಲಿ ಸಿಸ್ಟರ್ ಟ್ರಮಡಾಲ್ ಎಂಬ, ವಾಂತಿ ಬರಿಸಬಲ್ಲ ಬಲವಾದ ನೋವುನಿವಾರಕ ಕೊಟ್ಟಿದ್ದರು. ಆ ಹೆಂಗಸು, ಗಾಯದ ದ್ರವ ಹೊರಬಿಡುವ ಡ್ರೈನಿನ ನಳಿಕೆ ಎಳೆಯದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ವಾಂತಿಯ ಟ್ರೇ ಮೇಲೆ ಬಗ್ಗಿದ್ದರು. "ಹೀಗಾಗುತ್ತೆ ಅಂತ ಮೊದಲೇ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ" ಎಂದರು. ತಡೆದುಕೊಳ್ಳುವ ಅಗತ್ಯವೇ ಇರಲಿಲ್ಲ ಎಂಬುದನ್ನು ಅವರೆದುರು ಹೇಳಲು ನನಗೆ ಬಾಯಿ ಬರಲಿಲ್ಲ.

ಅಂದಿನಿಂದ ಪ್ಯಾರಾಸಿಟಮಾಲನ್ನು, ಮೂತ್ರಪಿಂಡ ಮತ್ತು ಹೊಟ್ಟೆಯ ತೊಂದರೆ ಇಲ್ಲದವರಿಗೆ ಉರಿಯೂತ ತಗ್ಗಿಸುವ ಇನ್ನೊಂದು ಔಷಧವನ್ನೂ, ನೋವಿರಲಿ ಬಿಡಲಿ, ಗಡಿಯಾರ ನೋಡಿಯೇ ಕೊಡುವಂತೆ ಬರೆಯುತ್ತೇನೆ. ಟ್ರಮಡಾಲ್ ಈಗ ಕೊನೆಯ ಸಾಲಿನಲ್ಲಿದೆ. ಕಂಕುಳಿನ ಗಂಟುಗಳನ್ನು, ಅಂದರೆ ದುಗ್ಧಗ್ರಂಥಿಗಳನ್ನು, ತೆಗೆಸಿಕೊಂಡವರಲ್ಲಿ ತೋಳಿನ ಒಳಮೈಯ ನರಕ್ಕೆ ಪೆಟ್ಟಾಗಿ, ಆ ಭಾಗ ಜೋಮು ಹಿಡಿದಂತೆ ಅಥವಾ ಚುರುಚುರು ಉರಿದಂತೆ ತಿಂಗಳುಗಟ್ಟಲೆ ಇರಬಹುದೆಂದೂ ಮೊದಲೇ ಹೇಳುತ್ತೇನೆ, ಏಕೆಂದರೆ ಆ ಉರಿ ಮಾಮೂಲಿ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ, ಅದಕ್ಕೆ ನರದ ನೋವಿನ ಔಷಧವೇ ಬೇಕಾಗುತ್ತದೆ. ನಮ್ಮವರು "ನೋವಿಲ್ಲ, ಬರೀ ಉರಿ" ಎಂದು ಹೇಳಿ ಸುಮ್ಮನಾಗಿಬಿಡುತ್ತಾರೆ. ಆ "ಬರೀ ಉರಿ"ಯನ್ನೇ ನಾನು ಕೆದಕಿ ಕೇಳುತ್ತೇನೆ.

ಬ್ಲಾಕ್ ಇಳಿಯುವ ಅಂದಾಜು ಸಮಯವನ್ನು ಮನೆಯವರಿಗೂ ಚೀಟಿಯಲ್ಲಿ ಬರೆದುಕೊಡುತ್ತೇನೆ. ಮೊನ್ನೆ ಒಬ್ಬರ ಯಜಮಾನರು ಅದನ್ನು ನೋಡಿ ರಾತ್ರಿ ಎರಡಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದರಂತೆ. ಹೆಂಡತಿ ಔಷಧ ಹಾಕಿಸಿಕೊಂಡು ಮತ್ತೆ ನಿದ್ದೆಹೋದರು. ಆ ಸುಪ್ರಭಾತಕ್ಕೆ ಎದ್ದು ಕುಳಿತ ಪಕ್ಕದ ಮೂರು ಹಾಸಿಗೆಯವರು ಬೆಳಗ್ಗೆ ನನ್ನ ಬಳಿ ದೂರು ಹೇಳಿದರು.